ಮುರುಗೇಶಪ್ಪನ ಖಾಲಿ ಬೀದಿ

ಅಡಿಕೆ ಒಳ್ಳೆ ರೇಟಿಗೆ ಹೋದದ್ದೇ ತಡ, ಶಿವಮೊಗ್ಗದ ಮುರುಗೇಶಪ್ಪನಿಗೆ ಕಲೆಯ ಹುಚ್ಚು ಹತ್ತಿತು. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಒಂದು ಜರ್ಮನ್ ಕ್ಯಾಮೆರಾ ತರಿಸಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಾಡಹಗಲೇ ಕ್ಯಾಮೆರಾ ಹಿಡಿದ.

ಭದ್ರಾವತಿ ಓಲ್ಡ್ ಟೌನಿನ ಒಂದೇ ಬೀದಿಯನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳಲ್ಲಿ ತೆಗೆಯುವುದು ಅವನ ಘನಕಾರ್ಯ. ಬೀದಿ ಮೌನವಾಗಿರಬೇಕು. ಮೌನ ಅಂದರೆ ಅವನ ಲೆಕ್ಕದಲ್ಲಿ ನರಪಿಳ್ಳೆಯೂ ಕಾಣಬಾರದು. ಕಾರ್ಖಾನೆಯ ಸೈರನ್ ಕೂಗಿ ಜನ ಕೆಲಸಕ್ಕೆ ಹೋದ ಮೇಲೆ ಉಳಿಯುತ್ತಿದ್ದವನು ಒಬ್ಬನೇ, ಬೇವಿನ ಮರದ ಕೆಳಗೆ ಕೊಡೆ ರಿಪೇರಿ ಮಾಡುವ ಬಾಬು ಸಾಬ್. ಇಪ್ಪತ್ತು ವರ್ಷದಿಂದ ಅವನದು ಅದೇ ಜಾಗ.

"ಏಳಯ್ಯ, ಫೋಟೋಕ್ಕೆ ಅಡ್ಡ ಬರ್ತೀಯ," ಎಂದ ಮುರುಗೇಶಪ್ಪ, ಬೇಸಿಗೆಯಲ್ಲಿ.

ಬಾಬು ಸಾಬ್ ನಗುತ್ತಲೇ ಗಂಟು ಎತ್ತಿಕೊಂಡ. "ಒಂದು ನಂದೂ ಹೊಡೀರಿ ಸ್ವಾಮಿ. ಮನೇಲಿ ನಂದೊಂದು ಫೋಟೋ ಇಲ್ಲ ಅಂತ ನನ್ನ ಹೆಂಡ್ತಿ ಜೈನಾಬಿ ಮದುವೆ ಆದಾಗಿಂದ ಹೇಳ್ತಾನೇ ಇದಾಳೆ."

"ಮುಂದಿನ ಸಲ ನೋಡೋಣ ಮಾರಾಯ."

ಮಳೆಗಾಲದಲ್ಲಿ ದೊಡ್ಡ ಕೊಡೆ ನೆಟ್ಟುಕೊಂಡು ಕೆಲಸದಲ್ಲಿ ಮುಳುಗಿದ್ದವನನ್ನು ಮತ್ತೆ ಎಬ್ಬಿಸಿದ. ಕೊಡೆ ಸಮೇತ ಅವನು ಸರಿದ ಕೂಡಲೇ ಕ್ಲಿಕ್ ಅನಿಸಿದ. ಆಗಲೂ ಮುಂದಿನ ಸಲವೇ. ಚಳಿಗಾಲದಲ್ಲಿ ಎಬ್ಬಿಸುವ ಕಷ್ಟವೇ ಬರಲಿಲ್ಲ, ಮರದ ಕೆಳಗೆ ಯಾರೂ ಇರಲಿಲ್ಲ. ಸದ್ಯ, ಪೀಡೆ ತೊಲಗಿತು ಅಂದುಕೊಂಡು ಮಂಜಿನ ಫೋಟೋ ತೆಗೆದು ರೈಲು ಹತ್ತಿದ. ಆ ಮನುಷ್ಯ ಏನಾದ ಎಂದು ಕೇಳಲು ಇಂಥ ಕಲಾವಿದರಿಗೆ ಪುರುಸೊತ್ತು ಎಲ್ಲಿಂದ ಬರಬೇಕು?

ಶಿವಮೊಗ್ಗದ ಪ್ರದರ್ಶನದಲ್ಲಿ ಮಳೆಗಾಲದ ಚಿತ್ರಕ್ಕೆ ಬಹುಮಾನ ಬಂತು. ಕಪ್ಪಗೆ ಒದ್ದೆಯಾದ ಬೀದಿಯಲ್ಲಿ, ಮರದ ಬುಡಕ್ಕೆ ಒಂದು ದುಂಡನೆಯ ಬಿಳಿ ಜಾಗ. "ಈ ಬೆಳಕು ಹೇಗೆ ಹಿಡಿದಿರಿ?" ಎಂದು ದೊಡ್ಡವರು ಕೇಳಿದರು. "ಸಾಧನೆ ಬೇಕು," ಎಂದ ಭೂಪ. ಆ ಬೆಳಕು ಎಲ್ಲಿಯದೆಂದು ಅವನಿಗೂ ಗೊತ್ತಿರಲಿಲ್ಲ. ಬಿಳಿ ಇದ್ದದ್ದು ಅಲ್ಲಿ ಮಾತ್ರವಾದ್ದರಿಂದ ಅಲ್ಲೇ ಕಪ್ಪು ಶಾಯಿಯಲ್ಲಿ ದಪ್ಪಗೆ ತನ್ನ ಹೆಸರು ಬರೆದಿದ್ದ.

ಮೂರನೆಯ ದಿನ ಒಬ್ಬ ಹೆಂಗಸು ಬಂದು ಬಾಗಿಲಲ್ಲೇ ನಿಂತಳು.

"ಬಾಬು ಸಾಬರ ಹೆಂಡತಿ ಸ್ವಾಮಿ, ಜೈನಾಬಿ. ಅವರು ತೀರ್ಕೊಂಡು ನಾಲ್ಕು ತಿಂಗಳಾಯ್ತು. ನಮ್ಮ ಬೀದಿ ಫೋಟೋ ಇಲ್ಲಿ ಹಾಕಿದಾರೆ ಅಂದ್ರು. ಒಂದ್ರಲ್ಲಾದ್ರೂ ಸಿಕ್ತಾರೇನೋ ಅಂತ ಬಂದೆ."

ಮುರುಗೇಶಪ್ಪ ಅವಳನ್ನು ಒಳಗೆ ಕರೆದ. ಅವಳು ಬೇಸಿಗೆಯಲ್ಲಿ ಹುಡುಕಿದಳು, ಇರಲಿಲ್ಲ. ಚಳಿಗಾಲದ ಮಂಜಿನಲ್ಲಿ ಕಣ್ಣು ಕಿರಿದು ಮಾಡಿ ಹುಡುಕಿದಳು, ಇರಲಿಲ್ಲ. ಮಳೆಗಾಲದ ಮುಂದೆ ಬಂದು ಬಿಳಿ ಜಾಗದ ಮೇಲೆ ಬೆರಳಿಟ್ಟಳು.

"ಇಲ್ಲಿ ಕೂತಿದ್ರು. ಈಗ ತಾನೇ ಎದ್ದು ಹೋಗಿದಾರೆ. ಅವರ ಕೊಡೆ ಕೆಳಗಿದ್ದಷ್ಟು ನೆಲ ಇನ್ನೂ ನೆಂದೇ ಇಲ್ಲ ನೋಡಿ."

ಬಹುಮಾನದ ಬೆಳಕು ಅದೇ ಆಗಿತ್ತು. ಮುರುಗೇಶಪ್ಪನಿಗೆ ನಾಚಿಕೆಯಾಯಿತು, ಹುಟ್ಟಿದ ಮೇಲೆ ಮೊದಲ ಸಲ ಇರಬೇಕು. ಚಿತ್ರವನ್ನು ಗೋಡೆಯಿಂದ ಇಳಿಸಿ ಅವಳ ಕೈಗಿಟ್ಟ.

ಅವಳಿಗೆ ಓದು ಬರುತ್ತಿರಲಿಲ್ಲ. ಶಾಯಿಯ ಅಕ್ಷರಗಳನ್ನು ಮೆಲ್ಲಗೆ ಸವರಿದಳು.

"ಇದು ಅವರ ಹೆಸರಾ ಸ್ವಾಮಿ?"

ಊರೆಲ್ಲ ಮೆರೆಸಿಕೊಂಡು ಬಂದ ತನ್ನ ಹೆಸರನ್ನು ಮುರುಗೇಶಪ್ಪ ಒಮ್ಮೆ ನೋಡಿದ.

"ಹೂಂ," ಎಂದ. "ಅವರದ್ದೇ."