ಪಕ್ಕದವಳ ಪಾಲು

ಮೀನಿನ ತಲೆಯ ಮರೆಯಲ್ಲಿ ಅನ್ನವನ್ನು ಮೂರು ಬೆರಳುಗಳಿಂದ ಲುಲ್ವಾಳ ಕಡೆಗೆ ಸರಿಸಿ, ಅನ್ಫಾಲ್ ಕತ್ತೆತ್ತಿ ನೋಡಿದಳು. ಎದುರಿಗೆ ಕುಳಿತಿದ್ದ ಅಜ್ಜಿ ಸಬೀಕಾಳ ಗಮನ ಮುಳ್ಳು ಬಿಡಿಸುವುದರಲ್ಲಿತ್ತು. ಚಿಕ್ಕಪ್ಪನ ಮಗಳು ಲುಲ್ವಾ ಏನೂ ಆಗಿಲ್ಲವೆಂಬಂತೆ ಆ ಅನ್ನವನ್ನೂ ಸೇರಿಸಿ ತುತ್ತು ಮಾಡಿ ಬಾಯಿಗಿಟ್ಟುಕೊಂಡಳು. ಅವಳಿಗೆ ಹದಿನಾಲ್ಕು, ಅನ್ಫಾಲ್‌ಗೆ ಹದಿನಾರು.

ಮೂರಂತಸ್ತಿನ ಮನೆ. ಮೇಲಿನ ಎರಡರಲ್ಲಿ ಇಬ್ಬರು ಗಂಡುಮಕ್ಕಳ ಸಂಸಾರ, ಕೆಳಗೆ ಅಜ್ಜಿ. ಬೆಳಗಿನ ತಿಂಡಿ, ರಾತ್ರಿಯೂಟ ಯಾರ ಮನೆಯಲ್ಲಿ ಹೇಗಾದರೂ ಆಗಲಿ, ಮಕ್ಕಳು ಶಾಲೆಯಿಂದ ಬಂದ ಮೇಲಿನ ಊಟ ಮಾತ್ರ ಕೆಳಗೆ, ನೆಲದ ಮೇಲೆ, ಒಂದೇ ಹರಿವಾಣದ ಸುತ್ತ. ಯಾರ ಮುಂದಿನ ಅನ್ನ ಅವರದು. ಯಾರ ಮುಂದೆ ಎಷ್ಟು ಕುಳಿ ಬಿದ್ದಿದೆ ಎಂದು ನೋಡಿದರೆ ಸಾಕು, ಯಾರು ಎಷ್ಟು ಉಂಡರೆಂದು ಅಜ್ಜಿಗೆ ತಿಳಿಯುತ್ತಿತ್ತು. ಇಡೀ ಕುವೈತಿನಲ್ಲಿ ತನ್ನ ಕೈಯಡುಗೆ ಬಿಟ್ಟೆದ್ದವರು ಯಾರೂ ಇಲ್ಲವೆಂಬುದು ಮುದುಕಿಯ ಹೆಮ್ಮೆ.

ಹತ್ತು ತಿಂಗಳ ಹಿಂದೆ, ಮೈ ಇಳಿಸಲೆಂದು, ಅನ್ಫಾಲಳ ಹೊಟ್ಟೆಯ ಮುಕ್ಕಾಲು ಭಾಗವನ್ನು ಡಾಕ್ಟರು ಕತ್ತರಿಸಿ ತೆಗೆದಿದ್ದರು. ಉಳಿದದ್ದು ಒಂದು ಬಾಳೆಹಣ್ಣಿನಷ್ಟು. ಮೊದಲು ಮೀನು, ಜಾಗ ಉಳಿದರೆ ಅನ್ನ. ಒಂದೊಂದು ತುತ್ತಿಗೂ ಇಪ್ಪತ್ತೈದು ಸಲ ಅಗಿಯಬೇಕು. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಮರೆತು ಬೇಗ ನುಂಗಿದರೆ ಎದೆಯಲ್ಲಿ ಕಲ್ಲು ಸಿಕ್ಕಿಕೊಂಡಂತಾಗಿ ಬಚ್ಚಲಿಗೆ ಓಡಬೇಕು. ಮೂವತ್ತೊಂಬತ್ತು ಕಿಲೋ ಇಳಿದಿತ್ತು, ಬಾಚಣಿಗೆಯಲ್ಲಿ ಕೂದಲೂ ಇಳಿಯುತ್ತಿತ್ತು. ಊಟವೆನ್ನುವುದು ಅವಳಿಗೆ ರಜೆಯಿಲ್ಲದ ನೌಕರಿಯಾಗಿತ್ತು. ಸಾಕಾಗಿಹೋಗಿತ್ತು ಹುಡುಗಿಗೆ.

ಆಸ್ಪತ್ರೆಯವರು ಬೇರೆ ಚಿಕ್ಕ ತಟ್ಟೆಯಲ್ಲಿ ಉಣ್ಣಲು ಹೇಳಿದ್ದರು. ಅದಕ್ಕೆ ಅಡ್ಡ ಬಂದವಳು ತಾಯಿ ಬದ್ರಿಯಾ. "ಅತ್ತೆ ಎದುರು ಬೇರೆ ತಟ್ಟೆ ಇಟ್ಕೊಂಡ್ರೆ ಅವರು ಮೂರು ದಿನ ಮಾತು ಬಿಡ್ತಾರೆ. ಹೇಗೋ ಸುಧಾರಿಸ್ಕೊ ಕಂದಾ," ಎಂದಿದ್ದಳು. ಸುಧಾರಿಸುವ ದಾರಿ ಹುಡುಕಿಕೊಟ್ಟವಳು ಲುಲ್ವಾ. "ನನ್ನ ಕಡೆ ತಳ್ಳು, ನಾನಿದ್ದೀನಿ," ಎಂದು ಮೊದಲ ದಿನವೇ ಕಿವಿಯಲ್ಲಿ ಉಸುರಿದ್ದಳು.

"ಲುಲ್ವಾಗೂ ದಿನ ಗೊತ್ತಾಯ್ತು," ಎಂದಳು ಚಿಕ್ಕಮ್ಮ ನವಾಲ್, ಬೆರಳು ಚೀಪುತ್ತ. "ಬರೋ ಮಂಗಳವಾರ ಆಪರೇಷನ್."

"ಇವಳಿಗ್ಯಾಕೇ?" ಅಜ್ಜಿ ಕೇಳಿದಳು. "ಗುಂಡಗೆ ಚೆನ್ನಾಗಿದಾಳಲ್ಲ."

"ಗುಂಡಗಿದ್ಳು ಅತ್ತೆ, ಈಗ ಗುಡಾಣ ಆಗಿದಾಳೆ. ಹೋದ ವರ್ಷ ಎಪ್ಪತ್ತೆರಡಿದ್ಳು, ಈಗ ತೊಂಬತ್ನಾಕು. ಹತ್ತೇ ತಿಂಗಳಲ್ಲಿ. ಮೇಲೆ ನಮ್ಮನೇಲಿ ಚಿಪ್ಸ್ ತರೋದು ಬಿಟ್ಟೆ, ಕೋಲಾ ಬಿಟ್ಟೆ. ಎಲ್ಲಿಂದ ಬರುತ್ತೋ ಈ ಮೈ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಅಂತಾರೆ ಡಾಕ್ಟರು." ನವಾಲ್ ಅನ್ಫಾಲ್ ಕಡೆ ತಿರುಗಿದಳು. "ನೀನಾದ್ರೂ ಹೇಳೇ ಅವಳಿಗೆ, ಹೆದರೋದೇನಿಲ್ಲ ಅಂತ. ನಿನ್ನನ್ನ ನೋಡಿಯೇ ನಮಗೆ ಧೈರ್ಯ ಬಂದಿದ್ದು."

ಅನ್ಫಾಲಳ ಬಾಯಿಯ ಮೀನು ಬಾಯಿಯಲ್ಲೇ ಉಳಿಯಿತು. ಹತ್ತು ತಿಂಗಳು. ಲೆಕ್ಕ ಹಾಕಲು ಪಂಡಿತರೇನೂ ಬೇಕಿರಲಿಲ್ಲ. ತಾಯಿಯನ್ನು ನೋಡಿದಳು. ಬದ್ರಿಯಾ ಹರಿವಾಣದಿಂದ ಕಣ್ಣೆತ್ತಲಿಲ್ಲ.

ಕೈ ತೊಳೆಯುವ ಕಡೆ ಅನ್ಫಾಲ್ ಲುಲ್ವಾಳ ತೋಳು ಹಿಡಿದು ನಿಲ್ಲಿಸಿದಳು. "ಇದೆಲ್ಲ ನನ್ನ ಅನ್ನದಿಂದ ಕಣೇ. ಮಾಡಿಸ್ಕೋಬೇಡ."

"ನಂಗೇನು ಗೊತ್ತಿಲ್ವಾ," ಎಂದಳು ಲುಲ್ವಾ, ಸೋಪು ಉಜ್ಜುತ್ತಲೇ. "ಆಪರೇಷನ್ ಆದ್ರೆ ಆಗ್ಲಿ ಬಿಡು. ಆದ್ರೆ ಆಮೇಲೆ ನಂಗೂ ತಿನ್ನೋಕಾಗಲ್ಲ. ನಿನ್ನ ಪಾಲು ಯಾರು ತಿಂತಾರೆ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ಆ ಬೆಪ್ಪುತಕ್ಕಡಿ ನಿಜವಾಗಿಯೂ ಅದನ್ನೇ ಯೋಚಿಸುತ್ತಿದ್ದಳು. ಅನ್ಫಾಲ್‌ಗೆ ಅಳು ಬಂತು, ಸಿಟ್ಟೂ ಬಂತು, ಅಳಲು ಬೇಕಾದ ತ್ರಾಣ ಮಾತ್ರ ಮೈಯಲ್ಲಿರಲಿಲ್ಲ. ಒದ್ದೆ ಕೈಯಲ್ಲೇ ಒಳಗೆ ಹೋದಳು.

ಹೆಂಗಸರು ಚಹಾಕ್ಕೆ ಕುಳಿತಿದ್ದರು. "ಅಜ್ಜಿ, ನಾನು ಹತ್ತು ತಿಂಗಳಿಂದ ನಿನ್ನ ಅನ್ನ ಉಂಡಿಲ್ಲ," ಎಂದಳು ಅನ್ಫಾಲ್. "ಎರಡು ತುತ್ತಿಗಿಂತ ಹೆಚ್ಚು ನನ್ನ ಹೊಟ್ಟೆ ಹಿಡಿಯಲ್ಲ."

"ಸುಳ್ಳು ಹೇಳ್ಬೇಡ. ದಿನಾ ನಾನೇ ನೋಡ್ತೀನಿ, ನಿನ್ನ ಮುಂದೆ ಒಂದಗುಳೂ ಇರಲ್ಲ."

"ಪಕ್ಕಕ್ಕೆ ತಳ್ತಿದ್ದೆ. ಲುಲ್ವಾ ತಿಂತಿದ್ಳು."

ಅಜ್ಜಿ ಚಹಾದ ಲೋಟ ಕೆಳಗಿಟ್ಟಳು. ಬಾಗಿಲಲ್ಲಿ ನಿಂತಿದ್ದ ಲುಲ್ವಾಳನ್ನು ಬಹಳ ಹೊತ್ತು ನೋಡಿದಳು. "ಅಷ್ಟು ಹಸಿವಿರ್ತಿತ್ತೇನೇ ನಿಂಗೆ?"

"ಇಲ್ಲ ಅಜ್ಜಿ," ಎಂದಳು ಲುಲ್ವಾ.

ನವಾಲ್ ಮೊದಲು ಬದ್ರಿಯಾಳ ಕಡೆ ತಿರುಗಿ, "ನಿನಗೆ ಗೊತ್ತಿತ್ತು," ಎಂದಳು. ಬದ್ರಿಯಾ ಇಲ್ಲವೆನ್ನಲಿಲ್ಲ. ಆಮೇಲೆ ನವಾಲ್ ಫೋನೆತ್ತಿಕೊಂಡು ಅಂಗಳಕ್ಕೆ ಹೋದಳು. ಮೂರು ತಿಂಗಳು ಮುಂದೂಡಬಹುದೇ ಎಂದು ಆಸ್ಪತ್ರೆಯವರನ್ನು ಕೇಳುವುದು, ಅವರು ಕೇಳಿದ ಕಾರಣಕ್ಕೆ ತಡವರಿಸುವುದು ಒಳಗಿನವರಿಗೂ ಕೇಳಿಸಿತು. ದಿನ ಮುಂದಕ್ಕೆ ಹೋಯಿತು. ಅಜ್ಜಿ ಮಾತ್ರ ಅನ್ಫಾಲಳ ಜೊತೆ ಮಾತು ಬಿಟ್ಟಳು.

ಮರುದಿನ ಅನ್ಫಾಲ್ ಅಡುಗೆಮನೆಯಿಂದ ತಾನೇ ಒಂದು ಪುಟ್ಟ ತಟ್ಟೆ ತಂದುಕೊಂಡು ಹರಿವಾಣದಿಂದ ಗೇಣು ದೂರದಲ್ಲಿ ಕುಳಿತಳು. ಆ ಗೇಣು ದೂರ ಅವಳಿಗೆ ಒಂದು ಊರಿನಷ್ಟು ಅನಿಸಿತು. ಅಜ್ಜಿ ಅವಳ ಕಡೆ ನೋಡಲಿಲ್ಲ. ಅನ್ಫಾಲ್ ಒಂದು ತುಂಡು ಕೋಳಿಯನ್ನು ಇಪ್ಪತ್ತೈದು ಸಲ ಅಗಿದಳು, ಯಾರಿಂದಲೂ ಏನನ್ನೂ ಮುಚ್ಚಿಡದೆ.

ಲುಲ್ವಾ ತನ್ನ ಮುಂದಿನದನ್ನು ಅರ್ಧ ಉಂಡು ಕೈ ನಿಲ್ಲಿಸಿದಳು. ಮತ್ತೆ ಒಂದು ತುತ್ತು ಕಲಸಿದಳು, ಬಾಯಿಗಿಡದೆ ಹಾಗೇ ಹಿಡಿದುಕೊಂಡಳು.

"ಸಾಕಾ?" ಅಜ್ಜಿ ಕೇಳಿದಳು. ಅನ್ಫಾಲಳಿಗೆ ತಿಳಿದಂತೆ ಆ ಹರಿವಾಣದ ಮುಂದೆ ಅಜ್ಜಿ ಯಾರನ್ನೂ ಹಾಗೆ ಕೇಳಿದ್ದಿಲ್ಲ.

ಲುಲ್ವಾ ಕೈಯಲ್ಲಿದ್ದ ತುತ್ತನ್ನು ನೋಡಿದಳು, ಅನ್ಫಾಲಳನ್ನು ನೋಡಿದಳು. ಅವಳ ಮುಖ ಕೆಂಪಾಯಿತು.

"ಗೊತ್ತಾಗ್ತಿಲ್ಲ ಅಜ್ಜಿ," ಎಂದಳು.

ಕೊನೆಯವರು ಮುಗಿಸದೆ ಅಜ್ಜಿ ಏಳುವ ಪದ್ಧತಿಯಿಲ್ಲ. ಅನ್ನ ಆರುತ್ತಿತ್ತು. ಎಂಜಲು ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಮುದುಕಿ ಕಾಯುತ್ತ ಕುಳಿತಳು, ಅವಳ ಜೊತೆ ಉಳಿದವರೂ.