ಓಟದಣ್ಣ ನೋಡದ ಕಾಲು

ದರ್ಜಿ ಹೊಲಿಗೆ ಯಂತ್ರ ತುಳಿಯುವುದು ಬಲಗಾಲಿನ ಬಲದಲ್ಲಿ. ಮನೆ ನಡೆಯುವುದೂ ಆ ಕಾಲಿನಿಂದಲೇ. ಈಗ ಅದೇ ಕಾಲು ಮುಷ್ಕರ ಹೂಡಿತ್ತು. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಬೆರಳಿಟ್ಟರೆ ಜೀವ ಹೋದಂತಾಗುತ್ತಿತ್ತು. ಮುಂದಿನ ವಾರ ಶಾಲೆ ಶುರು. ಹೊಲಿಯಬೇಕಾದ ಸಮವಸ್ತ್ರಗಳು ಮೇಜಿನಿಂದ ಕಿಟಕಿಯವರೆಗೆ ಏರಿ ಕುಳಿತಿದ್ದವು.

ಆದರೂ ಅವನು ಬೆಳಿಗ್ಗೆ ಹೊಸ ಬೂಟಿನ ಲೇಸು ಕಟ್ಟುತ್ತಿದ್ದ.

“ಕುಂಟುತ್ತಾ ಎಲ್ಲಿಗೆ ಸವಾರಿ?” ಎಂದಳು ಹೆಂಡತಿ.

“ಓಡೋಕೆ. ನೋವು ಬಂದ್ರೂ ನಿಲ್ಲಬಾರದಂತೆ. ಓಟದಣ್ಣ ಹೇಳಿದ್ದಾನೆ.”

ಓಟದಣ್ಣ ಎಂದರೆ ಮೊಬೈಲಿನಲ್ಲಿ ದಿನಾ ಓಡುತ್ತಲೇ ಉಪದೇಶ ಮಾಡುವ ಯುವಕ. ಅವನ ಹಿಂದೆ ಲಕ್ಷಾಂತರ ಮಂದಿ; ಹದಿನೈದು ದಿನದಿಂದ ಈ ದರ್ಜಿಯೂ ಒಬ್ಬ.

“ಅವನು ನಿಮ್ಮ ಕಾಲು ನೋಡಿದ್ದಾನಾ?”

“ಇಲ್ಲ. ನಾನು ಅವನ ಕಾಲು ನೋಡಿದೀನಲ್ಲ!”

ಅಷ್ಟರಲ್ಲಿ ಪಕ್ಕದ ಬೀದಿಯ ನರ್ಸಮ್ಮ ಬಟ್ಟೆ ತಂದರು. ಮೊಬೈಲಿನಲ್ಲಿ ಚಿತ್ರ ತೋರಿಸಿ, “ಟೇಲರಣ್ಣ, ಇದೇ ಥರ ಕೋಟು ಹೊಲಿದುಕೊಡಿ. ಅಳತೆ ಬೇಡ, ಡ್ಯೂಟಿಗೆ ಹೊತ್ತಾಯ್ತು” ಎಂದರು.

ದರ್ಜಿಗೆ ರೇಗಿತು. “ಚಿತ್ರ ನೋಡಿ ಹೊಲಿದ್ರೆ ಚಿತ್ರದವಳಿಗೇ ಆಗುತ್ತೆ, ಸಿಸ್ಟರ್. ಮೈ ಯಾರದೋ, ಅಳತೆ ಯಾರದೋ! ನನ್ನ ಅಂಗಡೀಲಿ ಅದೆಲ್ಲ ನಡೆಯಲ್ಲ.”

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಇದನ್ನ ನಿಮ್ಮ ಕಾಲಿಗೂ ಸ್ವಲ್ಪ ಹೇಳ್ರೀ.”

ದರ್ಜಿ ಟೇಪು ಕೆಳಗಿಟ್ಟು ಕಾಲು ಮುಂದೆ ಚಾಚಿದ. ವಿಷಯ ಕೇಳಿದ ನರ್ಸಮ್ಮ ಕಾಲು ಮುಟ್ಟಿ ನೋಡಿದರು. “ಮೂಳೆ ಬಿರುಕು ಬಿಟ್ಟಿದ್ರೂ ಇರಬಹುದು. ಡಾಕ್ಟರೇ ನೋಡಿ ಹೇಳ್ಬೇಕು. ಹೀಗೇ ಓಡಿದ್ರೆ ತಿಂಗಳುಗಟ್ಟಲೆ ಯಂತ್ರ ತುಳಿಯೋ ಹಾಗಿಲ್ಲ.”

“ಮತ್ತೆ, ಈ ಬೂಟು ಹಾಕಿದ್ರೆ ನೋವೇ ಬರಲ್ಲ ಅಂದಿದ್ನಲ್ಲ ಓಟದಣ್ಣ?”

ನರ್ಸಮ್ಮ ದರ್ಜಿಯ ಮೊಬೈಲಿನಲ್ಲಿ ಆ ಬೂಟಿನ ವಿಡಿಯೊ ಹಾಕಿಸಿ, ನಡುವೆ ನಿಲ್ಲಿಸಿ ಮೂಲೆಯ ಸಣ್ಣ ಅಕ್ಷರ ತೋರಿಸಿದರು: ‘ಹಣ ಪಡೆದ ಪ್ರಚಾರ’.

“ಸೂಜಿಗೆ ದಾರ ಪೋಣಿಸೋ ಕಣ್ಣಿಗೆ ಇದು ಕಾಣಲಿಲ್ವಾ? ಓಟ ಒಳ್ಳೇದೇ, ಅಣ್ಣ. ಕಾಲು ವಾಸಿಯಾದ್ಮೇಲೆ ಮೊದಲು ನಡಿಗೆ, ಆಮೇಲೆ ಸ್ವಲ್ಪ ಸ್ವಲ್ಪ ಓಟ. ಒಂದೇ ಸಲ ಕುದುರೆ ಆಗೋಕೆ ಹೋಗಬೇಡಿ.”

ಡಾಕ್ಟರು ಪರೀಕ್ಷಿಸಿದರು. ಮೂಳೆ ಬಿರುಕು ಬಿಟ್ಟಿರಲಿಲ್ಲ, ಇನ್ನಷ್ಟು ಓಡಿದ್ದರೆ ಬಿರುಕು ಬಿಡುವ ಸಾಧ್ಯತೆ ಇತ್ತು. ಕಾಲಿಗೆ ಕೆಲವು ವಾರ ರಜೆ. ಹೊಲಿಗೆ ಬಲ್ಲ ಹೆಂಡತಿ ಯಂತ್ರಕ್ಕೆ ಕುಳಿತಳು. ದರ್ಜಿ ಗುಂಡಿ ಹಾಕುತ್ತಾ, “ಹೊಲಿಗೆ ಹಾಗಲ್ಲ ಕಣೇ, ಹೀಗೆ” ಎನ್ನುತ್ತಲೇ ಇದ್ದ.

“ಡಾಕ್ಟರು ಬಾಯಿಗೂ ರಜೆ ಬರೆದುಕೊಡಬೇಕಿತ್ತು” ಎಂದಳು ಅವಳು. ಸಮವಸ್ತ್ರಗಳು ಮಾತ್ರ ಹೊತ್ತಿಗೆ ಸರಿಯಾಗಿ ಮಕ್ಕಳ ಮೈಮೇಲಿದ್ದವು.

ನೀವೂ ಓಡಿ, ಖುಷಿಯಿಂದ ಓಡಿ. ಆದರೆ ಮೊಬೈಲಿನಲ್ಲಿ ಸಲಹೆ ಕೊಡುವವರು ಏನು ಕಲಿತಿದ್ದಾರೆ, ಏನು ಮಾರುತ್ತಿದ್ದಾರೆ ಎಂದು ಮೊದಲು ನೋಡಿ. ಮೂಳೆ ನೋಯುತ್ತಿದ್ದರೆ ಓಟ ನಿಲ್ಲಿಸಿ, ವೈದ್ಯರನ್ನು ಕಾಣಿ. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಂತು ಕೂಡಲೇ ನೆರವು ಕೇಳಿ. ನೀವು ಹಾಸಿಗೆ ಹಿಡಿದರೆ ನಿಮ್ಮ ಕೆಲಸ ಮಾಡಲು ಯಾವ ವಿಡಿಯೊವೂ ಎದ್ದು ಬರುವುದಿಲ್ಲ.