ಎರಡೆರಡು ಯಾಕೆ?

ನಮ್ಮ ಭಾವ ಮೂವತ್ತೊಂದು ವರ್ಷ ಒಂದು ಕಾರ್ಖಾನೆಯ ಸ್ಟೋರು ನೋಡಿಕೊಂಡವರು. ಅಷ್ಟು ವರ್ಷದಲ್ಲಿ ಅವರು ಕಲಿತದ್ದು ಒಂದೇ ಮಾತು: "ಎರಡೆರಡು ಯಾಕೆ?" ಮನೆಯಲ್ಲಿ ಎರಡು ಕತ್ತರಿ ಕಂಡರೆ ಒಂದು ಮಾಯ. ಎರಡು ಟಾರ್ಚ್ ಕಂಡರೆ ಒಂದು ಪಕ್ಕದ ಮನೆಗೆ ದಾನ. ಅಕ್ಕ ಇನ್ನೊಂದು ಕನ್ನಡಕ ಮಾಡಿಸಿಕೊಂಡಾಗ ಹದಿನೈದು ದಿನ ವಿಚಾರಣೆ ನಡೆಯಿತು. ನಿವೃತ್ತರಾದಾಗ ಸ್ಟೋರು ಹೋಯಿತು, ಸ್ಟೋರ್ ಕೀಪರ್ ಮಾತ್ರ ಮನೆಗೆ ಬಂದು ಕೂತರು. ಅವರನ್ನು ಕಂಡರೆ ನನಗಾಗದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಕಸುಬು ಕಚೇರಿಗಳಲ್ಲಿ ನೆಟ್‌ವರ್ಕ್ ಹಾಕುವುದು. ಇನ್ನೂರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಯಾರಿಗೆ ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂದು ಗೊತ್ತುಮಾಡಿ ಕೊಟ್ಟು ಬಂದಿದ್ದೇನೆ. ಅಕ್ಕನ ಮನೆ ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಅಲ್ಲಿ ಇದ್ದದ್ದು ಎರಡು ಕಂಪ್ಯೂಟರು, ಒಂದು ಪ್ರಿಂಟರು. ಅರ್ಧ ಗಂಟೆಯ ಕೆಲಸ.

ಅಕ್ಕ ಸ್ವೆಟರಿನ ಹೆಣಿಗೆ ನಮೂನೆಗಳನ್ನು ಮಾಡುತ್ತಾಳೆ. ಹೂವು, ಹಕ್ಕಿ, ಅಲೆ, ಏನೇ ಇರಲಿ, ಮೊದಲು ಕೈಯಗಲದ ಒಂದು ತುಂಡು ಹೆಣೆದು ನೋಡುತ್ತಾಳೆ. ಸರಿ ಕಂಡರೆ ಒಂದೊಂದು ಕುಣಿಕೆಗೆ ಒಂದೊಂದು ಚೌಕದಂತೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತಾಳೆ. ನಾಲ್ಕು ವರ್ಷದಲ್ಲಿ ಹೀಗೆ ಎಂಬತ್ತನಾಲ್ಕು ಆಗಿದ್ದವು. ಎಂಬತ್ತಾರು ಮಾಡಿಕೊಡಿ, ಪುಸ್ತಕ ಹಾಕುತ್ತೇವೆ, ತಿಂಗಳ ಕೊನೆಗೆ ಎಲ್ಲ ಪ್ರಿಂಟ್ ತೆಗೆದು ಕಳಿಸಿ ಎಂದು ಒಬ್ಬ ಪ್ರಕಾಶಕರು ಒಪ್ಪಿದ್ದರು. ಮುಖಪುಟದ ಮೇಲೆ ಅವಳ ಹೆಸರು. ಆ ಮನೆಯಲ್ಲಿ ಗ್ಯಾಸಿನ ಪುಸ್ತಕದ ಮೇಲೂ ಅವಳ ಹೆಸರಿರಲಿಲ್ಲ.

ತೊಡಕೆಂದರೆ ಅವಳ ಕಂಪ್ಯೂಟರು ಹಿಂದಿನ ಕೋಣೆಯಲ್ಲಿ, ಪ್ರಿಂಟರು ಹಾಲಿನಲ್ಲಿ, ಭಾವನ ಮೊಣಕೈ ಪಕ್ಕದಲ್ಲಿ. ಒಂದು ಹಾಳೆ ಬೇಕಾದರೆ ಪೆನ್‌ಡ್ರೈವ್ ಹಿಡಿದುಕೊಂಡು ಅವರ ಕುರ್ಚಿಯ ಹತ್ತಿರ ನಿಲ್ಲಬೇಕು. ಅವರು ಕನ್ನಡಕ ಒರೆಸಿ, ಫೈಲು ತೆರೆದು, ಗಲ್ಲ ಕೆರೆದುಕೊಂಡು ಹೇಳುವುದು: "ಹೋದ ವಾರದ್ದೂ ಹೀಗೇ ಇತ್ತಲ್ಲ? ಎರಡೆರಡು ಯಾಕೆ?" ಕೊನೆಗೆ ಪ್ರಿಂಟ್ ಕೊಟ್ಟರೂ, ಅವಳು ನೋಡಿ ಮುಗಿಸಿದ್ದೇ ತಡ ಹಾಳೆಯನ್ನು ನಾಲ್ಕಾಗಿ ಹರಿದು ಹಿಂಬದಿಯಲ್ಲಿ ಫೋನ್ ನಂಬರು ಬರೆದುಕೊಳ್ಳುತ್ತಿದ್ದರು. ಕಂಪ್ಯೂಟರಿನಲ್ಲಿ ಇದ್ದಮೇಲೆ ಕಾಗದದಲ್ಲೂ ಯಾಕೆ? ಹೆಣೆದ ತುಂಡುಗಳ ಗಂಟನ್ನೂ ಎರಡು ಸಲ ಹೊರಗೆ ಹಾಕಲು ಹೋಗಿದ್ದರಂತೆ. ಅದೊಂದನ್ನು ಅಕ್ಕ ಬಿಟ್ಟುಕೊಟ್ಟಿರಲಿಲ್ಲ.

"ಅವರ ಮುಂದೆ ಕೈಕಟ್ಟಿ ನಿಲ್ಲದೆ ನನಗೊಂದು ಹಾಳೆ ಬರಬೇಕು ಕಣೋ, ಅಷ್ಟೇ ಸಾಕು," ಎಂದಳು ಅಕ್ಕ.

ನಾನು ಭಾನುವಾರ ಬೆಳಿಗ್ಗೆ ಹೋದೆ. ಭಾವ ಬಾಗಿಲಲ್ಲೇ ತಡೆದರು. "ಮನೆ ಕೆಲಸಕ್ಕೆ ಹೊರಗಿನವರು ಯಾಕಯ್ಯಾ? ನಾನಿಲ್ವಾ? ನೀನು ಕೂತ್ಕೊಂಡು ನೋಡು, ಕಲಿ."

ಕೂತೆ. ಸ್ಕೇಲಿಟ್ಟು ಗೆರೆ ಎಳೆದ ನಕ್ಷೆಯೊಂದನ್ನು ಅವರು ಗೋಡೆಗೆ ಅಂಟಿಸಿದ್ದರು. ಪ್ರಿಂಟರಿಗೆ ಒಂದು ಚೀಟಿ, ತಂತಿಗೆ ಒಂದು ಚೀಟಿ, ಸ್ವಿಚ್ಚಿಗೂ ಚೀಟಿ. ಎರಡು ಗಂಟೆ ಕಳೆದರೂ ಅಕ್ಕನ ಕಂಪ್ಯೂಟರಿಗೆ ಪ್ರಿಂಟರು ಕಾಣಲಿಲ್ಲ. ಅವರು ಅದನ್ನು ಬೈದರು, ಇದನ್ನು ಬೈದರು, ಪ್ರಿಂಟರಿನ ತಲೆಗೆ ಎರಡು ತಟ್ಟಿದರು. ನಾನು ಎದ್ದು ನೋಡಿದರೆ, ಮನೆಗೆ ಬಂದುಹೋಗುವವರಿಗೆಂದು ಬೇರೆ ಇಟ್ಟಿರುವ ವೈಫೈಗೆ ಅಕ್ಕನ ಕಂಪ್ಯೂಟರನ್ನು ಸೇರಿಸಿದ್ದಾರೆ. ಅದರಲ್ಲಿ ಇಂಟರ್ನೆಟ್ ಸಿಗುತ್ತದೆ, ಮನೆಯ ಬೇರೆ ಯಾವ ಯಂತ್ರವೂ ಕಾಣುವುದಿಲ್ಲ.

"ಅಕ್ಕ ಈ ಮನೆಗೆ ಬಂದುಹೋಗೋ ನೆಂಟರೇನು ಭಾವ?" ಎಂದೆ.

ಅವರ ಮುಖ ಹುಳ್ಳಗಾಯಿತು. ವೈಫೈ ಬದಲಿಸಿದರು, ಪ್ರಿಂಟರು ಕಂಡಿತು. ಥ್ಯಾಂಕ್ಸ್ ಹೇಳುವ ಬದಲು, "ಇಷ್ಟಕ್ಕೆ ನಿನಗೆ ಸಂಬಳ ಬೇರೆ ಕೊಡ್ತಾರಾ?" ಎಂದರು.

ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಭಾವನಿಗೆ ಹುರುಪು ಬಂದುಬಿಟ್ಟಿತ್ತು. ಫೈಲುಗಳೂ ಹಂಚಿಕೆಯಾಗಲಿ ಎಂದು ಅಕ್ಕನ ಯಂತ್ರದ ಮುಂದೆ ಹೋಗಿ ಕೂತರು. ಬರೀ ನೋಡುವುದಕ್ಕೆ ಅನುಮತಿಯೋ, ತಿದ್ದಿ ಅಳಿಸುವುದಕ್ಕೂ ಅನುಮತಿಯೋ ಎಂದು ಯಂತ್ರ ಕೇಳಿತು. "ನಮ್ಮ ಮನೇಲಿ ಮುಚ್ಚುಮರೆ ಇಲ್ಲ," ಎಂದು ದೊಡ್ಡ ದನಿಯಲ್ಲಿ ಹೇಳಿ ಎಲ್ಲದಕ್ಕೂ ಟಿಕ್ ಹಾಕಿದರು.

ನಾನು ಅವರ ಹಿಂದೆಯೇ ನಿಂತಿದ್ದೆ. ಬಾಯಿ ತೆರೆದವನು ಮುಚ್ಚಿಕೊಂಡೆ. ಸಂಬಳದ ಮಾತು ಕಿವಿಯಲ್ಲಿನ್ನೂ ಕುಟುಕುತ್ತಿತ್ತು. ಅನುಭವಿಸಲಿ, ಏನಾದರೂ ಎಡವಟ್ಟು ಮಾಡಿಕೊಂಡು ನನ್ನ ಬಾಗಿಲಿಗೆ ಬರಲಿ, ಆಗ ಮಾತಾಡುತ್ತೇನೆ ಅಂದುಕೊಂಡೆ. ಆ ಗಳಿಗೆಯನ್ನು ಮನಸ್ಸಿನಲ್ಲೇ ಚಪ್ಪರಿಸಿದೆ ಕೂಡ.

ಅಕ್ಕ ಹಿಂದಿನ ಕೋಣೆಯಿಂದ ಒಂದು ನಮೂನೆ ಕಳಿಸಿದಳು. ಹಾಲಿನಲ್ಲಿ ಪ್ರಿಂಟರು ಗುರ್ ಎಂದಿತು. ಓಡಿಬಂದು ಬೆಚ್ಚಗಿನ ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡು ನಕ್ಕಳು. "ಉಳಿದ ಎರಡು ಮುಗಿಸಿ ಎಲ್ಲಾ ಒಟ್ಟಿಗೇ ತೆಗೀತೀನಿ," ಎಂದಳು.

ಗುರುವಾರ ಮಧ್ಯಾಹ್ನ ಅವಳ ಫೋನು ಬಂತು. "ಬಾ," ಅಂದಳು, ಇಟ್ಟುಬಿಟ್ಟಳು.

ಹೋದರೆ ಹಾಲಿನಲ್ಲಿ ಭಾವ ಬೀಗುತ್ತಾ ಕೂತಿದ್ದರು. ಏನಾಗಿದೆ ಎಂಬುದು ಅವರಿಗಿನ್ನೂ ಹೊಳೆದೇ ಇರಲಿಲ್ಲ. "ಎಷ್ಟು ಜಾಗ ಉಳಿಸಿದೀನಿ ನೋಡು! ಇವಳ ಫೈಲೆಲ್ಲ ಅವಳ ಕಂಪ್ಯೂಟರಲ್ಲೂ ಇದೆ, ನನ್ನ ಕಂಪ್ಯೂಟರಲ್ಲೂ ಬಂದು ಕೂತಿದೆ. ಹೆಸರು ಒಂದೇ, ಅಳತೆ ಒಂದೇ. ಪೆನ್ಸಿಲ್ ಹಿಡಿದು ಒಂದೊಂದಾಗಿ ತಾಳೆ ನೋಡಿದೆ, ಎಂಬತ್ತನಾಲ್ಕಕ್ಕೆ ಎಂಬತ್ತನಾಲ್ಕು. ಎರಡೆರಡು ಯಾಕೆ? ನನ್ನ ಕಡೇದು ತೆಗೆದುಹಾಕಿದೆ."

ಪುಣ್ಯಾತ್ಮ! ಅವರ ಕಡೆ ಏನೂ ಇರಲಿಲ್ಲ. ಅವರ ಪರದೆಯ ಮೇಲೆ ಕಾಣುತ್ತಿದ್ದದ್ದು ಅಕ್ಕನ ಫೋಲ್ಡರೇ. ಒಂದೇ ಕೋಣೆಯನ್ನು ಎರಡು ಕಿಟಕಿಯಿಂದ ನೋಡಿ, ಕೋಣೆ ಎರಡಿದೆ ಎಂದು ಲೆಕ್ಕ ಹಾಕಿ, ಒಂದನ್ನು ಕೆಡವಿದ್ದರು. ಹೀಗೆ ನೆಟ್‌ವರ್ಕಿನ ಮೂಲಕ ಅಳಿಸಿದ್ದು ಕಂಪ್ಯೂಟರಿನ ಕಸದ ಬುಟ್ಟಿಗೂ ಬೀಳುವುದಿಲ್ಲ. ಆದರೂ ಅದರ ಮೇಲೆ ಹೊಸದೇನೂ ಬೀಳುವ ಮೊದಲು ಹಿಡಿದರೆ ಡಿಸ್ಕಿನಿಂದ ಕೆದಕಿ ತೆಗೆಯಬಹುದು. ಆ ದಾರಿಯನ್ನೂ ಮಹಾನುಭಾವರು ಮುಚ್ಚಿದ್ದರು. "ಉಳಿಸಿದ" ಜಾಗವೆಂದು ಅದೇ ಫೋಲ್ಡರಿನೊಳಗೆ ಮನೆಯ ಫ್ಯಾನು, ಮಿಕ್ಸಿ, ಗಡಿಯಾರಗಳ ಗ್ಯಾರಂಟಿ ಕಾರ್ಡುಗಳನ್ನೆಲ್ಲ ಸ್ಕ್ಯಾನ್ ಮಾಡಿ ತುಂಬಿದ್ದರು. ಕೆಟ್ಟುಹೋಗಿ ಆರು ವರ್ಷದ ಹಿಂದೆ ಬಿಸಾಡಿದ ಇಸ್ತ್ರಿಪೆಟ್ಟಿಗೆಯದೂ ಅದರಲ್ಲಿತ್ತು.

ಸಂಜೆಯವರೆಗೆ ಗುದ್ದಾಡಿದೆ. ಒಂಬತ್ತು ಫೈಲು ತೆರೆದುಕೊಂಡವು. ಅಕ್ಕ ಬಾಗಿಲಿಗೆ ಒರಗಿ ನಿಂತೇ ಇದ್ದಳು.

ನನ್ನ ಗಳಿಗೆ ಬಂದಿತ್ತು. ಎದ್ದವನೇ ಭಾವನನ್ನು ತರಾಟೆಗೆ ತೆಗೆದುಕೊಂಡೆ. "ನಿಮಗೆ ಗೊತ್ತಿಲ್ಲದ್ದಕ್ಕೆ ಕೈ ಯಾಕೆ ಹಾಕ್ತೀರಿ? ನಕ್ಷೆಯಂತೆ, ಚೀಟಿಯಂತೆ! ಅಳಿಸೋಕೆ ಅನುಮತಿ ಕೊಟ್ಟಿದ್ದೇ ತಪ್ಪು. ನೀವು ಟಿಕ್ ಹಾಕಿದಾಗಲೇ ನಾನು ನೋಡಿದೆ, ಇವರು ಇವತ್ತಲ್ಲ ನಾಳೆ..."

"ಆಗಲೇ ನೋಡಿದ್ಯಾ?" ಎಂದಳು ಅಕ್ಕ.

ನಾನು ಮತ್ತೆ ಕುರ್ಚಿಯಲ್ಲಿ ಕೂತೆ.

"ನೋಡಿ ಸುಮ್ನಿದ್ಯಾ?"

ಭಾವ ನನ್ನ ಮುಖ ನೋಡಿದರು. ನಾನು ಅವರ ಚೀಟಿಗಳನ್ನು ನೋಡಿದೆ.

"ಅವರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಒಳಗೆ ಹೋಗಿ ಪ್ರಕಾಶಕರಿಗೆ ಫೋನು ಮಾಡಿ ಇನ್ನೂ ಮೂರು ವಾರ ಕೇಳಿದಳು. ಅವರು ಗೊಣಗಿ ಒಪ್ಪಿದರು, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದು. ಆಮೇಲೆ ಹೆಣೆದ ತುಂಡುಗಳ ಗಂಟನ್ನು ತಂದು ನಮ್ಮಿಬ್ಬರ ನಡುವೆ ಬಿಚ್ಚಿದಳು. ಸಿಕ್ಕ ಒಂಬತ್ತರದ್ದನ್ನು ಪಕ್ಕಕ್ಕಿಟ್ಟರೆ ಎಪ್ಪತ್ತೈದು ತುಂಡು, ಒಂದೊಂದಕ್ಕೂ ನಂಬರು ಕಟ್ಟಿತ್ತು. "ಕೂತ್ಕೊಂಡು ಎಣಿಸಿ. ಸಾಲು ಸಾಲಾಗಿ ಹೇಳಿ. ನಾನು ತುಂಬ್ತಾ ಹೋಗ್ತೀನಿ."

ಹದಿನೆಂಟು ದಿನ ನನ್ನ ಸಂಜೆಗಳೆಲ್ಲ ಆ ಹಾಲಿನ ನೆಲದ ಮೇಲೆ ಕಳೆದವು. ಭಾವ ಭೂತಗನ್ನಡಿ ಹಿಡಿದು, "ಮೂರು ಬಿಳಿ, ಒಂದು ನೀಲಿ, ಐದು ಬಿಳಿ," ಎನ್ನುವರು. ಒಂದು ಕುಣಿಕೆಯೂ ತಪ್ಪುತ್ತಿರಲಿಲ್ಲ. ನಾನು ಹತ್ತನೇ ಸಾಲಿಗೇ ದಾರಿ ತಪ್ಪುತ್ತಿದ್ದೆ. "ಗಮನ ಇಟ್ಟು ನೋಡಯ್ಯಾ," ಎಂದು ಅವರು ಗದರುತ್ತಿದ್ದರು. ಅವರ ಬಾಯಲ್ಲಿ ಆ ಮಾತು ಕೇಳಿಸಿಕೊಳ್ಳುವ ಗತಿ ನನಗೆ ಬಂತು.

ಗಡುವಿಗೆ ಮೂರು ದಿನ ಇರುವಾಗ ಎಂಬತ್ತಾರೂ ಮುಗಿದವು. ಪ್ರಿಂಟರನ್ನು ಹಿಂದಿನ ಕೋಣೆಗೆ ಹೊತ್ತು ತನ್ನಿ ಎಂದಳು ಅಕ್ಕ, ಇಬ್ಬರೂ ಹೊತ್ತೆವು. "ಈಗ ಈ ಕಂಪ್ಯೂಟರಿಗೆ ಬೀಗ ಹಾಕು. ನಾನೊಬ್ಬಳೇ ತೆಗೀಬೇಕು, ಹಾಗೆ." ಹಂಚಿಕೆ ತೆಗೆದೆ, ಎಲ್ಲ ಸಿದ್ಧಮಾಡಿದೆ. "ಪಾಸ್‌ವರ್ಡ್ ಏನಿಡ್ಲಿ ಅಕ್ಕ?"

"ಎದ್ದೇಳು. ಆ ಕಡೆ ತಿರುಗಿ ನಿಂತ್ಕೋ."

ಇನ್ನೂರು ಕಂಪ್ಯೂಟರಿನ ಕಚೇರಿಯಲ್ಲೂ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಭಾವ ಹೇಳಿಸಿಕೊಳ್ಳದೆಯೇ ಗೋಡೆಯ ಕಡೆ ತಿರುಗಿದ್ದರು. ನಾನೂ ಹೋಗಿ ಅವರ ಪಕ್ಕದಲ್ಲಿ ನಿಂತೆ. ಹಿಂದಿನಿಂದ ಕೀಲಿಗಳ ಸದ್ದು ಬಂತು. ಸ್ವಲ್ಪ ತಡೆದು, ಅಷ್ಟೇ ಉದ್ದದ ಸದ್ದು ಇನ್ನೊಂದು ಸಲ ಬಂತು. ಪಾಸ್‌ವರ್ಡನ್ನು ಎರಡು ಸಲ ಕೊಡಬೇಕು.

ಭಾವ ಏನೋ ಹೇಳಲು ಉಸಿರೆಳೆದುಕೊಂಡರು. ಆಮೇಲೆ ಬಿಟ್ಟರು.